ಒಗೆಯುವ ಕೋಣೆಯಲ್ಲಿ ಕಲಿತ ಫ್ರೆಂಚು

ಹೊರದೇಶದಲ್ಲಿದ್ದುಕೊಂಡು ಫ್ರೆಂಚ್ ಕಲಿತು ನೀರು ಕುಡಿದಷ್ಟು ಸಲೀಸಾಗಿ ಮಾತಾಡಲು ಎಷ್ಟು ದಿನ ಬೇಕು, ಹೇಳಿ ನೋಡೋಣ? ಆರು ತಿಂಗಳು ಅಂದಿರಾ? ಎರಡು ವರ್ಷ? ಅದಿರಲಿ, ಯಾವ ದೇಶದಲ್ಲಿ ಎಂದು ನೀವು ಕೇಳಲೇ ಇಲ್ಲವಲ್ಲ. ಫ್ರಾನ್ಸ್ ಎಂದುಕೊಂಡಿರಿ. ಫ್ರಾನ್ಸಿನಲ್ಲಿ ಕುಳಿತು ಫ್ರೆಂಚನ್ನು ಯಾರು ಬೇಕಾದರೂ ಕಲಿತಾರು. ನಾನು ಕಲಿತದ್ದು ಸ್ವೀಡನ್ನಿನಲ್ಲಿ.

ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ, ಒಂದೇ ಬೆರಳಿನಲ್ಲಿ. ಮೊಮ್ಮಗಳು ಅದಿತಿ ಈ ವಾರವಷ್ಟೇ ಕಲಿಸಿಕೊಟ್ಟಳು. ಒತ್ತಕ್ಷರ ಬಂದಾಗಲೆಲ್ಲ ಕನ್ನಡಕ ಸರಿಮಾಡಿಕೊಳ್ಳಬೇಕಾಗುತ್ತದೆ. ಆದ್ದರಿಂದ ಎಲ್ಲಾದರೂ ಒತ್ತಕ್ಷರ ಬಿಟ್ಟುಹೋಗಿದ್ದರೆ ಅದು ನನ್ನ ಶೈಲಿ ಎಂದು ತಿಳಿಯಿರಿ.

ಬಹಳ ವರ್ಷಗಳ ಮೇಲೆ ಮತ್ತೆ ಸ್ವೀಡನ್ನಿನ ಮೋಲ್ನ್‌ಡಾಲ್‌ಗೆ, ಮಗಳು ವಸುಧಾಳ ಮನೆಗೆ ಬಂದಿದ್ದೇನೆ. ಹೋದ ವಾರ ಬಂದಿಳಿದಾಗ ಅಳಿಯ ಸೂಟ್‌ಕೇಸ್ ಎತ್ತಿಕೊಂಡು ಮುಂದೆ ಹೋದ, ನಾನು ಕಟ್ಟಡದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟೆ. ನೆಲಮಾಳಿಗೆಯಿಂದ ಆ ವಾಸನೆ ಬಂತು. ಬಿಸಿ ಸೋಪಿನ ಪುಡಿ, ಒದ್ದೆ ಹತ್ತಿ ಬಟ್ಟೆ, ಯಾರದೋ ಉಣ್ಣೆಯ ಕಾಲುಚೀಲ. ನಾನು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟೆ.

"ಏನಮ್ಮಾ, ಉಸಿರು ಕಟ್ತಾ?" ಎಂದಳು ವಸುಧಾ.

"ಇಲ್ಲ. ಜುಸ್ತೀನ್ ಇದಾಳಾ?"

"ಇದಾರೆ. ಎದುರಿನ ಬ್ಲಾಕಲ್ಲೇ. ಆದ್ರೆ ಈಗ ಅವರು ಹೊರಗೇ ಬರಲ್ಲ. ನೀನೇ ಹೋಗಿ ನೋಡ್ಬೇಕು."

"ನಾಳೆ ಹೋಗ್ತೀನಿ" ಎಂದೆ. ಆ ನಾಳೆ ನಾಲ್ಕೈದು ದಿನ ಬರಲೇ ಇಲ್ಲ. ಒಂದು ದಿನ ಮಂಡಿ ನೋವು, ಒಂದು ದಿನ ಜೆಟ್ ಲ್ಯಾಗ್. ಈ ಜೆಟ್ ಲ್ಯಾಗ್ ಎನ್ನುವುದು ಬಹಳ ಒಳ್ಳೆಯ ಕಾಯಿಲೆ, ಬೇಕಾದಾಗ ಬರುತ್ತದೆ, ತಿನ್ನುವುದಕ್ಕೆ ಅಡ್ಡಿ ಮಾಡುವುದಿಲ್ಲ. ನಿಜ ಸಂಗತಿ ಬೇರೆ. ಹೋದರೆ ಮಾತಾಡಬೇಕಲ್ಲ. ಜುಸ್ತೀನಳಿಗೂ ನನಗೂ ನಡುವೆ ಇದ್ದದ್ದು ಅರ್ಧಂಬರ್ಧ ಫ್ರೆಂಚ್ ಒಂದೇ. ಅದು ನನ್ನಲ್ಲಿ ಇನ್ನೂ ಉಳಿದಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಹೋದರೆ, ನಾವಿಬ್ಬರು ಮುದುಕಿಯರು ಎದುರುಬದುರು ಕುಳಿತು ಗೋಡೆ ನೋಡಿ ಎದ್ದು ಬರಬೇಕು. ಅದಕ್ಕಿಂತ ಹೋಗದೆ ಇದ್ದು, ಒಬ್ಬ ಗೆಳತಿ ಇದ್ದಾಳೆ ಎಂದುಕೊಳ್ಳುವುದೇ ಮೇಲು ಅನ್ನಿಸಿತ್ತು.

ಮೊದಲ ಸಲ ಬಂದಾಗ ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ವಸುಧಾ ಇಲ್ಲಿ ಔಷಧಿಗಳ ಮೇಲೆ ಸಂಶೋಧನೆ ಮಾಡುವ ಕೆಲಸಕ್ಕೆ ಸೇರಿದ್ದಳು. ಅಳಿಯ ಪ್ರಸನ್ನನಿಗೆ ಸಾಫ್ಟ್‌ವೇರು. ಅದಿತಿ ಇನ್ನೂ ಪುಟ್ಟದು, ದಾಗಿಸ್‌ಗೆ ಹೋಗುತ್ತಿತ್ತು. ದಾಗಿಸ್ ಎಂದರೆ ಇಲ್ಲಿನ ಶಿಶುವಿಹಾರ. ಮಕ್ಕಳನ್ನು ಹಿಮದಲ್ಲಿ ಹೊರಗೆ ಬಿಡುತ್ತಾರೆ, ಅದಕ್ಕೆ ಶಿಕ್ಷಣ ಎನ್ನುತ್ತಾರೆ. ಮಗುವನ್ನು ಕರೆತರುವುದು, ಹುಳಿ ಅನ್ನ ಮಾಡುವುದು, ಇಷ್ಟು ನನ್ನ ಕೆಲಸ. ಉಳಿದ ಹೊತ್ತು ಮಾತಿಗೆ ಜನವಿಲ್ಲ. ನಮ್ಮ ಯಜಮಾನರು ಚಳಿ ಆಗದು ಎಂದು ಬಂದಿರಲಿಲ್ಲ. ದಾವಣಗೆರೆಯಲ್ಲಿ ದೊಡ್ಡ ಮಗನ ಮನೆಯಲ್ಲಿ ಫ್ಯಾನಿನ ಕೆಳಗೆ ಸುಖವಾಗಿದ್ದರು.

"ಸ್ವೀಡಿಷ್ ಕಲೀರಿ ಅತ್ತೆ, ತುಂಬಾ ಈಸಿ" ಎಂದ ಪ್ರಸನ್ನ.

"ನಿಮಗೆ ಬರುತ್ತಾ?"

"ನಮಗೆ ಆಫೀಸಲ್ಲೆಲ್ಲಾ ಇಂಗ್ಲಿಷೇ ಅಲ್ವಾ. ಫೀಕಾ ಅಂತ ಕಾಫಿ ಬ್ರೇಕಲ್ಲಿ ಸ್ವಲ್ಪ ಸ್ವೀಡಿಷ್ ಮಾತಾಡ್ತಾರೆ. ಆಗ ನಾನು ಕಾಫಿ ಕುಡೀತಾ ಇರ್ತೀನಿ."

ಕಲಿಯಲು ನನಗೇನೂ ಬೇಸರವಿರಲಿಲ್ಲ. ನಮಸ್ಕಾರಕ್ಕೆ "ಹೇಯ್" ಎನ್ನಬೇಕು, ಅದನ್ನು ಮೊದಲ ದಿನವೇ ಕಲಿತೆ. ಯಾರಿಗೆ ಹೇಳುವುದು ಎನ್ನುವುದೇ ಕಷ್ಟವಾಯಿತು. ನಮ್ಮ ಮೆಟ್ಟಿಲು ಹಂಚಿಕೊಂಡ ನೆರೆಯವರು ಬಾಗಿಲ ಕಿಂಡಿಯಲ್ಲಿ ಇಣುಕಿ, ಹೊರಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಚಿಲಕ ತೆಗೆಯುತ್ತಿದ್ದರು. ನಾನು ಅವರ ಬಾಗಿಲ ಸದ್ದಿಗೆ ಹೊಂಚುಹಾಕಿ ನನ್ನ ಬಾಗಿಲು ತೆಗೆಯುತ್ತಿದ್ದೆ. ಒಮ್ಮೆ ಎರಡನೇ ಮಹಡಿಯ ಒಬ್ಬ ಮಹನೀಯರು ಸಿಕ್ಕಿಬಿದ್ದರು. "ಹೇಯ್" ಎಂದೆ. "ಹೇಯ್" ಎಂದರು. ಆಮೇಲೆ ವಾರಗಟ್ಟಲೆ ಅವರ ಸುಳಿವೇ ಇರಲಿಲ್ಲ. ಕೆಟ್ಟವರಲ್ಲ. ಇನ್ನೊಬ್ಬರಿಗೆ ತೊಂದರೆ ಕೊಡಬಾರದೆಂದು ಅಷ್ಟು ಪಾಡುಪಡುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ತೊಂದರೆ ಬೇಕಾಗಿದ್ದವಳು ನಾನೊಬ್ಬಳೇ.

ಇನ್ನು ಒಗೆಯುವ ಕೋಣೆ. ಇಲ್ಲಿ ಮನೆಮನೆಗೂ ವಾಷಿಂಗ್ ಮೆಷಿನ್ ಇರಲಿಲ್ಲ. ಅಂಗಳದ ಸುತ್ತಲಿನ ಕಟ್ಟಡಗಳಿಗೆಲ್ಲ ಸೇರಿ ನೆಲಮಾಳಿಗೆಯಲ್ಲಿ ಒಂದು ಕೋಣೆ, ಅದರೊಳಗೆ ದೊಡ್ಡ ಮೆಷಿನ್ನುಗಳು, ಪಕ್ಕದಲ್ಲಿ ಹಗ್ಗ ಕಟ್ಟಿ ಬಿಸಿಗಾಳಿ ಬಿಡುವ ಒಣಗಿಸುವ ಕೋಣೆ. ಗೋಡೆಯ ಹಲಗೆಯ ಮೇಲೆ ನಿಮ್ಮ ಹೊತ್ತು ಇದು ಎಂದು ಮೊದಲೇ ಗುರುತು ಹಾಕಿಕೊಳ್ಳಬೇಕು. ಹೊತ್ತು ಮುಗಿದ ಮೇಲೆ ಅಲ್ಲಿ ನಿಮ್ಮ ಒಂದು ಕರ್ಚೀಫೂ ಇರಕೂಡದು.

"ಅಮ್ಮಾ, ಇಲ್ಲಿನ ಜನ ಏನನ್ನ ಬೇಕಾದ್ರೂ ಕ್ಷಮಿಸ್ತಾರೆ, ಲಾಂಡ್ರಿ ಟೈಮ್ ಮೀರಿದ್ರೆ ಮಾತ್ರ ಕ್ಷಮಿಸಲ್ಲ" ಎಂದು ವಸುಧಾ ಎಚ್ಚರಿಸಿದ್ದಳು.

"ಏನ್ಮಾಡ್ತಾರೆ? ಬೈತಾರಾ?"

"ಬೈಯಲ್ಲ. ಗೋಡೆಗೆ ಚೀಟಿ ಅಂಟಿಸ್ತಾರೆ."

ಚೀಟಿಯ ಕೊನೆಗೆ ನಗುವ ಮುಖ ಬರೆದಿದ್ದರೆ ಅವರಿಗೆ ವಿಪರೀತ ಸಿಟ್ಟು ಬಂದಿದೆ ಎಂದು ತಿಳಿಯಬೇಕಂತೆ.

ಈಗ ನನ್ನ ಸೀರೆಗಳ ವಿಷಯ. ನಾನು ಉಡುವುದು ಹತ್ತಿ ಸೀರೆ, ಹತ್ತಿ ಸೀರೆಗೆ ಗಂಜಿ ಹಾಕದಿದ್ದರೆ ಅದು ಸೀರೆಯಲ್ಲ, ಒರೆಸುವ ಬಟ್ಟೆ. ಚಳಿಗೆ ಮೈಮೇಲೆ ಸ್ವೆಟರು, ಅದರ ಮೇಲೆ ಕೋಟು, ಕೆಳಗೆ ಉಣ್ಣೆಯ ಲೆಗಿಂಗು. ಸೀರೆ ಕಾಣುವುದು ಗೇಣುದ್ದವಷ್ಟೇ. ಆ ಗೇಣಾದರೂ ಗರಿಗರಿಯಾಗಿರಬೇಡವೇ? ಅನ್ನ ಬಸಿದ ಗಂಜಿಯನ್ನು ಪಾತ್ರೆಯಲ್ಲಿ ಮುಚ್ಚಿಕೊಂಡು ನೆಲಮಾಳಿಗೆಗೆ ಇಳಿದೆ. ಮೆಷಿನ್ನಿನಿಂದ ತೆಗೆದ ಸೀರೆಗಳನ್ನು ಅಲ್ಲಿನ ತೊಟ್ಟಿಯಲ್ಲಿ ಗಂಜಿಗೆ ಅದ್ದಿ, ಹಿಂಡಿ, ಒಣಗಿಸುವ ಕೋಣೆಯ ಹಗ್ಗಗಳ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಹರಡಿದೆ. ನಾಲ್ಕು ಸೀರೆ. ಮದುವೆ ಚಪ್ಪರದ ಹಾಗೆ ಚೆನ್ನಾಗಿತ್ತು. ಗಂಜಿ ಹಾಕಿದ ಸೀರೆ ಒಣಗಲು ಹಿಡಿಯುವ ಹೊತ್ತನ್ನು ಆ ಹಲಗೆ ಮಾಡಿದವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನನ್ನ ಹೊತ್ತು ಮುಗಿಯಿತು. ಬಾಗಿಲು ಧಡಾರನೆ ತೆರೆಯಿತು. ಬುಟ್ಟಿಯನ್ನು ಸೊಂಟಕ್ಕಾನಿಸಿಕೊಂಡು ಒಬ್ಬಳು ಹೆಂಗಸು ಬಂದಳು. ಆಫ್ರಿಕಾದವಳು, ನನ್ನದೇ ವಯಸ್ಸು, ನನ್ನ ಎರಡರಷ್ಟು ಅಗಲ, ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು. ನನ್ನ ಚಪ್ಪರವನ್ನು ನೋಡಿದಳು. ಬುಟ್ಟಿ ಕೆಳಗಿಟ್ಟಳು. ಬೈಯಲು ಶುರುಮಾಡಿದಳು.

ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಎಂಥಾ ಬೈಗುಳ! ಕೈ, ಕಣ್ಣು, ಕುತ್ತಿಗೆ ಎಲ್ಲ ಸೇರಿ ಬೈಯುತ್ತಿದ್ದವು. ನಾನು ಸ್ವೀಡನ್ನಿಗೆ ಬಂದು ತಿಂಗಳುಗಳೇ ಆಗಿದ್ದವು, ಒಬ್ಬರಾದರೂ ನನ್ನ ಮೇಲೆ ದನಿ ಎತ್ತಿರಲಿಲ್ಲ. ಯಾರೂ ಬೈಯದೆ ಒಬ್ಬ ಮನುಷ್ಯ ಎಷ್ಟು ದಿನ ಬದುಕಬಹುದು? ನನಗೆ ಕಣ್ಣಲ್ಲಿ ನೀರು ಬರುವಷ್ಟು ಹಿತವಾಯಿತು. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ನಾನೂ ಶುರುಮಾಡಿದೆ, ಅಪ್ಪಟ ದಾವಣಗೆರೆ ಕನ್ನಡದಲ್ಲಿ. "ಒಣಗದೆ ಇದ್ದರೆ ನಾನೇನು ಊದಿ ಒಣಗಿಸ್ಲಾ? ನೀನೇನು ಈ ಹಗ್ಗನ ತವರಿನಿಂದ ತಂದಿದೀಯಾ?" ಅವಳಿಗೂ ಹಿತವಾಯಿತೆಂದು ಕಾಣುತ್ತದೆ. ಕಿವಿಗೊಟ್ಟು ಪೂರ್ತಿ ಕೇಳಿದಳು.

ಆಮೇಲೆ ಸೀರೆ ಎಳೆದು ಹಾಕಲು ಅಂಚಿಗೆ ಕೈ ಹಚ್ಚಿದಳು. ಕೈ ಅಲ್ಲೇ ನಿಂತಿತು. ಬಟ್ಟೆಯನ್ನು ಹೆಬ್ಬೆರಳಲ್ಲಿ ತಿಕ್ಕಿದಳು, ಮೂಸಿದಳು.

"ಅಮಿದೋಂ?" ಎಂದಳು, ಬೇರೆ ದನಿಯಲ್ಲಿ.

ನಾನು ಪಾತ್ರೆ ತೋರಿಸಿದೆ. "ಗಂಜಿ."

"ಗಾಂಜೀ" ಎಂದಳು. ಎದೆ ತಟ್ಟಿಕೊಂಡು, ತಾನೂ ಊರಲ್ಲಿ ಹಾಕುತ್ತಿದ್ದೆನೆಂದು, ತಮ್ಮಲ್ಲಿ ಮರಗೆಣಸಿನ ಹಿಟ್ಟಿನದೆಂದು ಕೈಯಲ್ಲೇ ಕಿತ್ತು, ಸಿಪ್ಪೆ ತೆಗೆದು, ಅರೆದು ತೋರಿಸಿದಳು. ಅಮಿದೋಂ ಎಂದರೆ ಗಂಜಿ, ಅದು ನಾನು ಕಲಿತ ಮೊದಲ ಫ್ರೆಂಚ್ ಮಾತು. ಬೇರೆಯವರು ನಮಸ್ಕಾರದಿಂದ ಶುರುಮಾಡುತ್ತಾರೆ, ನಾನು ಗಂಜಿಯಿಂದ.

ಸೀರೆ ಮಡಿಚುವುದು ಒಬ್ಬರ ಕೆಲಸವಲ್ಲ, ನಿಮಗೆ ಗೊತ್ತು. ಒಬ್ಬರು ಆ ತುದಿ, ಒಬ್ಬರು ಈ ತುದಿ ಹಿಡಿದು, ಎಳೆದು, ಹತ್ತಿರ ಬಂದು, ಅಂಚು ಕೊಟ್ಟು, ಮತ್ತೆ ದೂರ ಹೋಗಬೇಕು. ಅರ್ಧ ಒಣಗಿದ ನಾಲ್ಕು ಸೀರೆಯನ್ನೂ ಅವಳೇ ಮುಂದೆ ನಿಂತು ಮಡಿಚಿಸಿದಳು. "ತೀರ್!" ಎಂದರೆ ಎಳಿ. "ತ್ಯಾಂ!" ಎಂದರೆ ಹಿಡಿ. "ವಿಯಾಂ!" ಎಂದರೆ ಬಾ. ಹೀಗೆ ಸೀರೆಗೆ ಒಂದಿಷ್ಟು ಮಾತು ಕಲಿತೆ. ಇದರಿಂದ ಒಂದು ತೊಡಕಾಯಿತು. ನನ್ನ ಫ್ರೆಂಚಿನಲ್ಲಿ ಬಹಳ ಕಾಲ ಅಪ್ಪಣೆಗಳು ಮಾತ್ರ ಇದ್ದವು. ಮುಂದೆ ಅವಳ ಮಗಳು ಸೊಲಾಂಜ್ ನನಗೆ ಚಹಾ ಕೊಟ್ಟಾಗ ನಾನು ವಿನಯದಿಂದ "ಹಿಡಿ! ಬಾ!" ಎಂದೆ. ಪಾಪ, ಎದ್ದು ಬಂದು ಹಿಡಿದುಕೊಂಡಳು.

ಅವಳೇ ಜುಸ್ತೀನ್. ಕಿನ್ಶಾಸಾದವಳು. ನನ್ನ ಹಾಗೆಯೇ ಮಗಳ ಮಕ್ಕಳನ್ನು ನೋಡಿಕೊಳ್ಳಲು ಬಂದವಳು, ಆದರೆ ತಿರುಗಿ ಹೋಗಲು ಅವಳಿಗೆ ಮನೆ ಉಳಿದಿರಲಿಲ್ಲ. ಅದನ್ನವಳು ಒಂದೇ ಸಲ ಹೇಳಿದಳು, ಸಾಕ್ಸ್ ಜೋಡಿಸುತ್ತಾ. ಅದಿತಿ ನನ್ನನ್ನು ಕರೆಯುವುದು ಕೇಳಿ ನನ್ನ ಹೆಸರೇ ಅಜ್ಜಿ ಎಂದುಕೊಂಡು "ಆಜೀ" ಎಂದು ಕರೆಯತೊಡಗಿದಳು. ನಾನು ತಿದ್ದಲಿಲ್ಲ. ಆ ವಯಸ್ಸಿನಲ್ಲಿ ಹೊಸ ಹೆಸರು ಎಲ್ಲರಿಗೂ ಸಿಗುವುದಿಲ್ಲ.

ಆಮೇಲೆ ನಾವಿಬ್ಬರೂ ಹಲಗೆಯ ಮೇಲೆ ಒತ್ತಾಗಿ ಹೊತ್ತು ಹಿಡಿಯತೊಡಗಿದೆವು, ಅವಳದು ಮುಗಿದ ಕೂಡಲೇ ನನ್ನದು. ಮೆಷಿನ್ ತಿರುಗುತ್ತಿರುವಾಗ ಬೆಂಚಿನ ಮೇಲೆ ಕುಳಿತು ಮಾತು. ಮಂಡಿ, ಅಳಿಯಂದಿರು, ಬೆಂಡೆಕಾಯಿಯ ಬೆಲೆ. ಒಂದು ಮಾತು ಬೇಕಾದರೆ ಅದನ್ನು ನಟಿಸಿ ತೋರಿಸುತ್ತಿದ್ದೆ, ಅವಳು ಹೆಸರು ಹೇಳುತ್ತಿದ್ದಳು. ಬೀಗಿತ್ತಿಯನ್ನು ನಟಿಸಿ ತೋರಿಸುವುದು ಹೇಗೆ ಎಂದು ನೀವು ಕೇಳಬಹುದು. ಮುಖ ಹೀಗೆ ಓರೆ ಮಾಡಿಕೊಂಡು ಬೇರೆಯವರ ಅಡಿಗೆಮನೆಯ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಸಾಕು, ಯಾವ ದೇಶದವರಿಗಾದರೂ ತಿಳಿಯುತ್ತದೆ.

ಪ್ರಸನ್ನನಿಗೆ ತಲೆಕೆಟ್ಟಿತು. "ಅತ್ತೆ, ಇರೋದು ಸ್ವೀಡನ್ನಲ್ಲಿ. ಸ್ವೀಡಿಷ್ ಕಲಿತ್ರೆ ಯೂಸ್ ಆಗುತ್ತೆ. ಫ್ರೆಂಚ್ ಇಟ್ಕೊಂಡು ಏನ್ಮಾಡ್ತೀರಿ?"

"ಸ್ವೀಡಿಷ್ ಇಟ್ಕೊಂಡು ಯಾರ ಹತ್ರ ಮಾತಾಡ್ಲಿ? ಎರಡನೇ ಮಹಡಿಯವರ ಹತ್ರನಾ?"

ಒಳ್ಳೆಯ ಹುಡುಗ. ಮುಂದಿನ ವಾರ ಪಕ್ಕದ ಗೋಥೆನ್‌ಬರ್ಗಿನಿಂದ ಸಿಡಿ ಇರುವ ಒಂದು ಫ್ರೆಂಚ್ ಪುಸ್ತಕ ತಂದುಕೊಟ್ಟ. ಇಷ್ಟು ದಿನದಲ್ಲಿ ಸರಾಗವಾಗಿ ಬರುತ್ತದೆ ಎಂದು ರಟ್ಟಿನ ಮೇಲೇ ಭರವಸೆಯಿತ್ತು. ಪುಸ್ತಕದ ಜನ ದಿನವಿಡೀ ವೈನ್ ತರಿಸಿಕೊಳ್ಳುತ್ತಿದ್ದರು, ರೈಲು ನಿಲ್ದಾಣ ಎಲ್ಲಿ ಎಂದು ಕೇಳುತ್ತಿದ್ದರು. ಮಂಡಿ ಊದಿದವರು ಒಬ್ಬರೂ ಇರಲಿಲ್ಲ. ಆದರೂ ಒಂದು ವಾಕ್ಯವನ್ನು ಬಾಯಿಪಾಠ ಮಾಡಿ ಜುಸ್ತೀನಳ ಮುಂದೆ ಹೇಳಿದೆ. "ದಯವಿಟ್ಟು, ರೈಲು ನಿಲ್ದಾಣ ಎಲ್ಲಿದೆ?"

ಅವಳು ಮೆಷಿನ್ನಿಗೆ ಸೋಪು ಹಾಕುವುದನ್ನು ನಿಲ್ಲಿಸಿದಳು. "ಯಾಕೆ? ಮಗಳು ಮನೆಯಿಂದ ಓಡಿಸಿದಳಾ?"

ನಮ್ಮ ಯಜಮಾನರಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದೆ. ಆ ಕಡೆ ಫ್ಯಾನಿನ ಸದ್ದು ಕೇಳಿಸುತ್ತಿತ್ತು. "ಟೀವಿ ನೋಡಿ ನೋಡಿ ಇಷ್ಟು ವರ್ಷ ಆದ್ರೂ ನಿನಗೆ ಹಿಂದಿ ಬರಲಿಲ್ಲ. ಅಲ್ಲಿ ಚಳೀಲಿ ಫ್ರೆಂಚ್ ಬಂತಾ?" ಎಂದರು. ಹಿಂದಿಯಲ್ಲಿ ನನ್ನನ್ನು ಯಾರೂ ಬೈದಿರಲಿಲ್ಲ ಎಂದೆ.

ಇಷ್ಟಾದರೂ ಅದಿನ್ನೂ ಹುಡುಕಿ ಹುಡುಕಿ ಆಡುವ ಮಾತು. ಸಲೀಸಾದದ್ದು ಒಂದು ಜಗಳದ ದಿನ. ಅಷ್ಟು ಹೊತ್ತಿಗೆ ಜುಸ್ತೀನಳೂ ತನ್ನ ಬಟ್ಟೆಗಳಿಗೆ ಗಂಜಿ ಹಾಕತೊಡಗಿದ್ದಳು. ತೊಟ್ಟಿ ಸಾಲದು ಎಂದು ನಾವು ನೇರ ಮೆಷಿನ್ನಿಗೇ ಸುರಿಯುವ ಉಪಾಯ ಕಂಡುಹಿಡಿದಿದ್ದೆವು. ಒಂದು ಬೆಳಿಗ್ಗೆ ಗೋಡೆಯ ಮೇಲೆ ಚೀಟಿ ಅಂಟಿತ್ತು. ವಸುಧಾ ಬಂದು ಓದಿ ಹೇಳಿದಳು. ಯಾರದೋ ಕಪ್ಪು ಪ್ಯಾಂಟು ಮೆಷಿನ್ನಿನಿಂದ ಹೊರಗೆ ಬಂದು ಒಣಗಿದ ಮೇಲೆ ತಾನೇ ನಿಂತುಕೊಳ್ಳುವಷ್ಟು ಗಟ್ಟಿಯಾಗಿದೆಯಂತೆ, ಕಾರಣ ತಿಳಿಯಲು ಅವರಿಗೆ ಕುತೂಹಲವಂತೆ. ಕೊನೆಯಲ್ಲಿ ಎರಡು ನಗುವ ಮುಖಗಳಿದ್ದವು.

ಮೆಷಿನ್ ತೊಳೆಯುವ ಪಾಳಿ ನನ್ನದಾಗಿತ್ತು ಎಂದಳು ಜುಸ್ತೀನ್. ಅವಳದೇ ಎಂದೆ. ನಿನ್ನ ಅಕ್ಕಿ ಎಂದಳು. ನಿನ್ನ ಗೆಣಸು ಎಂದೆ. ಇವತ್ತಿಗೂ ಹೇಳುತ್ತೇನೆ, ಅದು ಗೆಣಸೇ. ಅಕ್ಕಿಯ ಗಂಜಿಗೆ ಪ್ಯಾಂಟನ್ನು ನಿಲ್ಲಿಸುವ ಶಕ್ತಿಯಿಲ್ಲ. ಮಾತು ಬೆಳೆಯಿತು.

"ನಿನ್ನ ಗಂಜಿ ದಪ್ಪ, ನಿನ್ನ ಕಿವಿ ಅದಕ್ಕಿಂತ ದಪ್ಪ" ಎಂದೆ. "ವಾರ ವಾರ ಬಗ್ಗಿ ತೊಳೆಯೋಳು ನಾನು, ಬೆಂಚಿನ ಮೇಲೆ ಕೂತು ಅಳಿಯನ ಕಥೆ ಹೇಳೋಳು ನೀನು. ಆ ಕಥೆ ಎಷ್ಟು ಸಲ ಕೇಳಿಲ್ಲ ನಾನು! ಪಾಪ, ಅವನು ಒಳ್ಳೆಯವನೇ, ನಿನ್ನ ಜೊತೆ ಇದ್ದಾನಲ್ಲ!"

ಹೇಳಿ ಮುಗಿಸಿದ ಮೇಲೆ ನನಗೆ ಹೊಳೆಯಿತು. ಒಂದು ಮಾತನ್ನೂ ಹುಡುಕಿರಲಿಲ್ಲ. ಕೈಸನ್ನೆ ಮಾಡಿರಲಿಲ್ಲ. ಎಲ್ಲ ತಾವಾಗಿ ಬಂದಿದ್ದವು, ಹಾಲು ಉಕ್ಕಿದಂತೆ.

"ಜುಸ್ತೀನ್, ಕೇಳಿದೆಯಾ? ನಾನು ಮಾತಾಡಿಬಿಟ್ಟೆ!"

"ಕೇಳಿದೆ. ಮೊದಲು ಜಗಳ ಮುಗಿಸು, ಆಮೇಲೆ ಅದನ್ನ ನೋಡೋಣ" ಎಂದಳು ಅವಳು, ಕೈ ಸೊಂಟದ ಮೇಲಿಂದ ತೆಗೆಯದೆ.

ಆದ್ದರಿಂದ, ಎಷ್ಟು ದಿನ ಬೇಕು ಎಂದು ಯಾರಾದರೂ ಕೇಳಿದರೆ ನಾನು ದಿನ ಹೇಳುವುದಿಲ್ಲ. ಬಿಟ್ಟುಹೋಗುವುದಿಲ್ಲ ಎಂಬ ಧೈರ್ಯದಿಂದ ಜಗಳವಾಡಬಹುದಾದ ಒಬ್ಬರು ಸಿಗುವವರೆಗೆ ಎನ್ನುತ್ತೇನೆ. ಕೆಲವರಿಗೆ ಸ್ವಂತ ಭಾಷೆಯಲ್ಲೂ ಸಿಕ್ಕಿರುವುದಿಲ್ಲ.

ಅದಾದ ಕೆಲವು ದಿನಕ್ಕೆ ಸೊಲಾಂಜ್ ನಮ್ಮ ಮನೆಗೆ ಬಂದಳು. ದೂರು ಹೇಳಲು ಬಂದಿದ್ದಾಳೆ ಎಂದು ನಾನು ಅಡಿಗೆಮನೆ ಸೇರಿದೆ. ಅವಳು ವಸುಧಾಳ ಹತ್ತಿರ ಬೇರೆಯೇ ಕೇಳಿದಳಂತೆ. ನಿಮ್ಮಮ್ಮ ನಮ್ಮಮ್ಮನ ಜೊತೆ ಏನು ಮಾತಾಡುತ್ತಾರೆ? ಅಮ್ಮ ಈ ದೇಶಕ್ಕೆ ಬಂದಾಗಿನಿಂದ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಮಕ್ಕಳು ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಾರೆ, ಅಮ್ಮ ಟೀವಿಯ ಮುಂದೆ ಸುಮ್ಮನೆ ಕುಳಿತಿರುತ್ತಾರೆ. ನೆಲಮಾಳಿಗೆಯಿಂದ ಬರುವಾಗ ಮಾತ್ರ ಒಬ್ಬರೇ ನಗುತ್ತಾ ಬರುತ್ತಾರೆ.

ನಾನು ಬೆರಗಾದೆ. ಬಾಯಿ ಮುಚ್ಚಿದ ಜುಸ್ತೀನಳನ್ನು ನಾನು ಕಂಡಿರಲೇ ಇಲ್ಲ.

ಇನ್ನೊಂದು ಸಂಗತಿಯೂ ಆಮೇಲೆಯೇ ತಿಳಿದದ್ದು. ಒಂದು ದಿನ ಅವಳು ದಿಂಬಿನ ಚೀಲಗಳನ್ನು ಒದರುತ್ತಾ ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿದ್ದಳು, ನನಗೊಂದೂ ತಿಳಿಯಲಿಲ್ಲ. "ಇದು ಯಾವ ಫ್ರೆಂಚು?" ಎಂದೆ.

"ಇದು ಲಿಂಗಾಲ. ನನ್ನದು. ಫ್ರೆಂಚ್ ಸ್ಕೂಲಿಂದು, ಬೆರಳಿನ ಗೆಣ್ಣಿಗೆ ಏಟು ತಿಂದು ಕಲಿತದ್ದು."

ಅಂದರೆ ಅದು ಅವಳ ಮನೆಯೂ ಅಲ್ಲ. ನಾವಿಬ್ಬರೂ ಯಾರದೋ ಜಗಲಿಯ ಮೇಲೆ ಕುಳಿತು ಮಾತಾಡುತ್ತಿದ್ದೆವು. ನಾನು ಒಂದು ಸೀರೆಯನ್ನು ಅವಳ ಕಡೆಗೆ ಎಸೆದೆ. "ತೀರ್" ಎಂದೆ. ಎಳೆದಳು.

ವಸುಧಾ ವೀಸಾಕ್ಕೆ ಅರ್ಜಿ ಹಾಕಿ ಹಾಕಿ ನನ್ನನ್ನು ವರ್ಷದ ಹತ್ತಿರ ಉಳಿಸಿಕೊಂಡಳು. ಕೊನೆಗೆ ಹೊರಡಬೇಕಾಯಿತು. ಊರಿಗೆ ಬಂದ ಮೇಲೆ ವಸುಧಾ ಒಂದೆರಡು ಸಲ ಜುಸ್ತೀನಳ ಕೈಗೆ ಫೋನು ಕೊಡಿಸಿದಳು. "ಸಾ ವಾ?" ಎಂದಳು, ಚೆನ್ನಾಗಿದ್ದೀಯಾ ಎಂದು. "ಸಾ ವಾ" ಎಂದೆ, ಚೆನ್ನಾಗಿದ್ದೇನೆ ಎಂದು. ಅಲ್ಲಿಗೆ ಮುಗಿಯಿತು. ನಮ್ಮ ಫ್ರೆಂಚಿಗೆ ಬೆಂಚು ಬೇಕಿತ್ತು, ಬಟ್ಟೆ ಬೇಕಿತ್ತು, ಎದುರಿಗೊಂದು ಮುಖ ಬೇಕಿತ್ತು. ಬರೀ ಕಿವಿಗೆ ಇಟ್ಟುಕೊಂಡರೆ ಏನೂ ಇರಲಿಲ್ಲ. ಮೂರನೇ ಸಲ ಅವಳು ಫೋನಿಗೆ ಬರಲಿಲ್ಲ, ನಾನೂ ಕೇಳಲಿಲ್ಲ. ನಡುವೆ ಯಜಮಾನರು ಹೋದರು. ವರ್ಷಗಳು ಹೋದವು. ದಾವಣಗೆರೆಯಲ್ಲಿ ನನ್ನ ಜೊತೆ ಫ್ರೆಂಚ್ ಮಾತಾಡುವವರು ಯಾರಿದ್ದಾರೆ?

ಮೊನ್ನೆ ಜೆಟ್ ಲ್ಯಾಗೂ ಮುಗಿದು, ಮಂಡಿಯೂ ಸುಮ್ಮನಾಗಿ, ನೆಪ ಉಳಿಯಲಿಲ್ಲ. ಅದಿತಿ ಈಗ ಹೈಸ್ಕೂಲು. ಸ್ಕೂಲಿನಲ್ಲಿ ಫ್ರೆಂಚ್ ತೆಗೆದುಕೊಂಡಿದ್ದಾಳೆ.

"ಏನ್ ಹೇಳ್ಬೇಕು ಅಂತ ಹೇಳಜ್ಜಿ, ಕರೆಕ್ಟಾಗಿ ಮಾಡಿಕೊಡ್ತೀನಿ" ಎಂದಳು.

"ನಿನ್ನ ನೋಡಿ ಸಂತೋಷವಾಯ್ತು ಅಂತ."

ಅವಳು ಒಂದು ಉದ್ದನೆಯ ವಾಕ್ಯ ಮಾಡಿಕೊಟ್ಟಳು. ಮಾನ್ಯರೇ, ಇಷ್ಟು ವರ್ಷಗಳ ತರುವಾಯ ತಮ್ಮನ್ನು ಪುನಃ ಕಾಣುವುದು ನನ್ನ ಪಾಲಿಗೆ ಬಹಳ ಸಂತೋಷದ ವಿಷಯ, ಎನ್ನುವ ರೀತಿಯದು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗಿತ್ತು. ಮೆಟ್ಟಿಲು ಇಳಿಯುತ್ತಾ, ಅಂಗಳ ದಾಟುತ್ತಾ ಹೇಳಿಕೊಂಡೆ. ಅದಿತಿ ಜೊತೆಗೆ ಬಂದಳು.

ಬಾಗಿಲು ತೆರೆದವಳು ಸೊಲಾಂಜ್. ನನ್ನನ್ನು ತಬ್ಬಿಕೊಂಡು, ಅದಿತಿಗೆ ಸ್ವೀಡಿಷ್‌ನಲ್ಲಿ ಏನೋ ಹೇಳಿದಳು. "ಅಜ್ಜಿ, ಅವರಮ್ಮ ಈಗ ಯಾರ ಜೊತೇನೂ ಮಾತಾಡಲ್ವಂತೆ. ಬೇಜಾರು ಮಾಡ್ಕೋಬೇಡಿ ಅಂತಿದಾರೆ" ಎಂದಳು ಅದಿತಿ.

ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕುಳಿತಿದ್ದಳು ಜುಸ್ತೀನ್. ಆ ಅಗಲವೆಲ್ಲ ಎಲ್ಲಿ ಹೋಯಿತೋ. ಮಂಡಿಯ ಮೇಲೆ ಕಂಬಳಿ, ಕಣ್ಣು ಹೊರಗೆ. ನಾನು ಎದುರಿಗೆ ನಿಂತೆ.

"ಮದಾಮ್..." ಎಂದೆ.

ಅವಳು ತಿರುಗಲಿಲ್ಲ. ನಾನು ಅವಳನ್ನು ಎಂದೂ ಮದಾಮ್ ಎಂದವಳೇ ಅಲ್ಲ. ಮುಂದಿನ ಮಾತು ಬರಲಿಲ್ಲ. ಹಿಂದಿನಿಂದ ಅದಿತಿ ಪಿಸುಗುಟ್ಟಿ ನೆನಪಿಸಿದಳು, ಅದೂ ಕಿವಿಗೆ ಹೋಗಲಿಲ್ಲ. ಗೋಡೆ ನೋಡುವ ಹೊತ್ತು ಬಂದೇಬಿಟ್ಟಿತು ಎಂದುಕೊಂಡೆ. ಸೊಲಾಂಜ್ ಚಹಾ ಮಾಡಲೇ ಎಂದು ಮೆಲ್ಲನೆ ಕೇಳಿದಳು. ನಾನು ಕುರ್ಚಿಯ ಕೈ ಹಿಡಿದುಕೊಂಡು ಬಗ್ಗಿದೆ. ಬಾಯಿಗೆ ಏನು ಬಂತೋ ಅದನ್ನೇ ಅಂದೆ, ಯಾವ ಭಾಷೆಯಲ್ಲಿ ಅಂದೆನೆಂದು ಅಂದ ಮೇಲೆಯೇ ತಿಳಿದದ್ದು.

"ಜುಸ್ತೀನ್, ನನ್ನ ಫ್ರೆಂಚೆಲ್ಲ ಮರೆತುಹೋಯ್ತು ಕಣೇ." ಫ್ರೆಂಚಿನಲ್ಲೇ ಅಂದಿದ್ದೆ.

ಅವಳು ನಿಧಾನವಾಗಿ ಇತ್ತ ತಿರುಗಿದಳು. ನನ್ನನ್ನು ಪಾದದಿಂದ ತಲೆಯವರೆಗೆ ನೋಡಿದಳು.

"ಮರೆಯೋಕೆ ಅದು ನಿನಗೆ ಯಾವತ್ತು ಬರ್ತಿತ್ತು, ಆಜೀ?"